ಲಂಡನ್ನಿಗೆ ಹೋಗಿ ರಣಹದ್ದು ನೋಡಿದ್ದು

ಹೊರಡುವ ಮೊದಲು

ವಿಲಾಯತಿಗೆ ಹೋಗಿ ಬಂದವಳು ಎಂದು ದಾವಣಗೆರೆಯಲ್ಲಿ ನನ್ನನ್ನು ತೋರಿಸುವವರು ಈಗಲೂ ಇದ್ದಾರೆ. ಮದುವೆ ಮನೆಯಲ್ಲಿ ಪಕ್ಕ ಕೂತವರು ಚಳಿ ಹೇಗಿತ್ತು, ಊಟಕ್ಕೆ ಏನು ಮಾಡಿದಿರಿ ಎಂದು ಕೇಳುತ್ತಾರೆ. ರಾಣಿಯ ಅರಮನೆ ನೋಡಿದಿರಾ ಎನ್ನುತ್ತಾರೆ. ಅದನ್ನು ಹೊರಗಿನಿಂದ ನೋಡಿದೆವು. ಒಳಗೆ ಹೋಗಿ, ಕುರ್ಚಿ ಹಾಕಿಕೊಂಡು ಕೂತು, ಗಂಟೆಗಟ್ಟಲೆ ನೋಡಿದ್ದು ರಣಹದ್ದುಗಳ ಚಿತ್ರಗಳನ್ನು. ಹಾಗೆಂದರೆ ತಮಾಷೆ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನಾನೂ ಮಾತು ಬದಲಿಸಿಬಿಡುತ್ತಿದ್ದೆ. ನಮ್ಮ ಅತ್ತೆ ತೀರಿಕೊಂಡು ವರ್ಷ ಕಳೆದಿದೆ. ಇನ್ನು ಬರೆಯಬಹುದು ಎನಿಸಿದೆ.

ಹಳೇಪೇಟೆಯಲ್ಲಿ ನಮ್ಮದು ಹತ್ತಿ ವ್ಯಾಪಾರದ ಮನೆ. ನಮ್ಮವರು ಮೈಸೂರಿನಲ್ಲಿ ಓದುವಾಗ ಒಂದು ಜರ್ಮನ್ ಕ್ಯಾಮೆರಾ ಕೊಂಡಿದ್ದರು. ಗಾಜಿನ ಪ್ಲೇಟು ಹಾಕುವಂಥದು, ಮೂರು ಕಾಲಿನ ಮೇಲೆ ನಿಲ್ಲಿಸಿ ಕರಿ ಬಟ್ಟೆ ಹೊದ್ದುಕೊಂಡು ನೋಡುವಂಥದು. ಅಂಗಡಿಗೆ ರಜೆಯಿದ್ದ ದಿನ ಅದನ್ನು ಹೊತ್ತುಕೊಂಡು ಹರಿಹರದ ಕಡೆಗೆ ಹೊರಟುಬಿಡುತ್ತಿದ್ದರು. ಕಡರನಾಯಕನಹಳ್ಳಿಯ ಹೊರಗೆ ಒಂದು ಬಯಲಿಗೆ ಸುತ್ತಲಿನ ರೈತರು ಸತ್ತ ದನ ಎಳೆದು ತಂದು ಹಾಕುತ್ತಿದ್ದರು. ಅದರ ಪಕ್ಕ ಜೋಳದ ದಂಟಿನ ಮರೆ ಕಟ್ಟಿಸಿ, ಒಳಗೆ ಬೆವರು ಸುರಿಸುತ್ತ ಕೂತು, ರಣಹದ್ದುಗಳ ಫೋಟೋ ತೆಗೆಯುವುದು ಇವರ ಹುಚ್ಚು.

ಸಂಜೆ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ತಡೆಯುತ್ತಿದ್ದರು. ಹಿತ್ತಿಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡೇ ಒಳಗೆ ಬರಬೇಕು. ರಣಹದ್ದು ಮನೆಯ ಮೇಲೆ ಕೂತರೆ ಮನೆಯನ್ನೇ ಬಿಟ್ಟು ಹೋಗುವ ಜನ ನಾವು. ಅಂಥದರಲ್ಲಿ ಮಗ ಅದರ ಪಟವನ್ನು ದೊಡ್ಡದು ಮಾಡಿಸಿ ಪಡಸಾಲೆಗೆ ತೂಗುಹಾಕಿದಾಗ ಅತ್ತೆ ಎರಡು ದಿನ ಪಡಸಾಲೆ ತುಳಿಯಲಿಲ್ಲ. ಮೂರನೆಯ ದಿನ ಪಟ ಗೋಡೆಗೆ ಮುಖ ಮಾಡಿತ್ತು. ಇವರು ಅದನ್ನು ಅಟ್ಟಕ್ಕೆ ಸಾಗಿಸಿದರು. ನನಗೂ ಆ ಹಕ್ಕಿಯನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು. ಆ ಬೋಳು ಕತ್ತು, ಬಾಗಿದ ಹೆಗಲು, ಯಾರದೋ ಸಾವಿಗೆ ಕಾದಿರುವಂಥ ಕೂರುವಿಕೆ. ಇವರು ಪಟ ತೋರಿಸಿದರೆ ಒಂದು ಕಣ್ಣು ಹಾಯಿಸಿ ಚೆನ್ನಾಗಿದೆ ಎಂದು ಒಳಗೆ ಹೋಗುತ್ತಿದ್ದೆ.

ಇವರ ಕಣ್ಣಿಗೆ ಏನೋ ಆಗಿದೆ ಎಂಬುದು ಮೊದಲು ತಿಳಿದದ್ದು ಕತ್ತಲಾಗುವ ಹೊತ್ತಿನಲ್ಲಿ. ಹುಟ್ಟಿ ಬೆಳೆದ ಮನೆಯೊಳಗೇ ಹೊಸ್ತಿಲು ಎಡವಿದರು, ಬಡಿಸಿಟ್ಟ ತಟ್ಟೆಯ ಮೇಲೆ ಕಾಲಿಟ್ಟರು. ಆಮೇಲೆ ಹಗಲಿನಲ್ಲೂ ಪಕ್ಕದಿಂದ ಬರುವುದು ಕಾಣದಾಯಿತು. ಪೇಟೆಯಲ್ಲಿ ಸೈಕಲ್ಲು ಬಂದು ಹಾಯ್ದಿತು. ಎದುರಿಗಿದ್ದದ್ದು ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು, ಕೊಳವೆಯೊಳಗಿಂದ ನೋಡಿದ ಹಾಗೆ. ಆ ಕೊಳವೆ ವರ್ಷ ವರ್ಷಕ್ಕೆ ಸಣ್ಣದಾಗುತ್ತ ಬಂತು. ಬೆಂಗಳೂರಿನಲ್ಲಿ ತೋರಿಸಿದೆವು, ಮದರಾಸಿನಲ್ಲಿ ತೋರಿಸಿದೆವು. ಮದರಾಸಿನ ಡಾಕ್ಟರು ಈ ಒಂದೇ ರೋಗದ ಮೇಲೆ ಕೆಲಸ ಮಾಡುವವರು ಲಂಡನ್ನಿನಲ್ಲಿ ಒಬ್ಬರಿದ್ದಾರೆ ಎಂದರು.

ಅತ್ತೆಗೆ ಯಾವ ಡಾಕ್ಟರೂ ಬೇಕಿರಲಿಲ್ಲ. ಕಾರಣ ಅವರಿಗೆ ಗೊತ್ತಿತ್ತು. ಹೆಣ ತಿನ್ನುವ ಹಕ್ಕಿಯನ್ನು ಎವೆಯಿಕ್ಕದೆ ನೋಡುತ್ತ ಕೂತರೆ ಕಣ್ಣು ಉಳಿದಾವೇ ಎಂದು ಅಡುಗೆಮನೆಯಲ್ಲಿ, ದೇವರ ಮುಂದೆ, ಬಂದವರೆದುರು ಹೇಳುತ್ತಿದ್ದರು. ಎಷ್ಟು ಸಲ ಹೇಳಿದರೆಂದರೆ ನನಗೂ ಅರ್ಧ ನಂಬಿಕೆ ಬಂದಿತ್ತು. ಇಬ್ಬರು ಗಂಡುಮಕ್ಕಳನ್ನು ಅವರ ವಶಕ್ಕೆ ಬಿಟ್ಟು ನಾವು ಬೊಂಬಾಯಿಗೆ ಹೊರಟೆವು. ಇವರು ಪೆಟ್ಟಿಗೆಯ ತಳದಲ್ಲಿ ತಮ್ಮ ಕೆಲವು ಪಟಗಳನ್ನು ಇಟ್ಟುಕೊಂಡಿದ್ದು ನನಗೆ ಹಡಗಿನಲ್ಲಿ ತಿಳಿಯಿತು.

ಹಡಗಿನಲ್ಲಿ

ಸಮುದ್ರವನ್ನು ನಾನು ಅದೇ ಮೊದಲು ನೋಡಿದ್ದು. ಮೊದಲ ದಿನಗಳಲ್ಲಿ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಊಟದ ಮನೆಯಲ್ಲಿ ತರಕಾರಿಯ ಸೂಪು ಎಂದು ತಂದಿಟ್ಟದ್ದರಲ್ಲಿ ಎಲುಬಿನ ಚೂರು ಸಿಕ್ಕಿದ ಮೇಲೆ ನಾವು ಬ್ರೆಡ್ಡು, ಬಾಳೆಹಣ್ಣು, ಮನೆಯಿಂದ ತಂದ ಶೇಂಗಾ ಚಟ್ನಿಪುಡಿ ಇಷ್ಟಕ್ಕೇ ನಿಂತೆವು. ಮಂಡಕ್ಕಿಯ ಚೀಲ ಬಿಚ್ಚಿದರೆ ಸಮುದ್ರದ ಗಾಳಿಗೆ ಅರ್ಧ ದಿನದಲ್ಲಿ ಮೆತ್ತಗಾಗಿ ಹಲ್ಲಿಗೆ ಅಂಟುತ್ತಿತ್ತು. ಆದರೂ ತಿಂದೆವು.

ಮುಸ್ಸಂಜೆಯಾದರೆ ಇವರಿಗೆ ಡೆಕ್ಕಿನ ಮೆಟ್ಟಿಲು ಕಾಣುತ್ತಿರಲಿಲ್ಲ. ಒಂದು ಸಂಜೆ ಕಾಲು ಜಾರಿ ಒಬ್ಬ ದೊರೆಸಾನಿಯ ಮಡಿಲಿಗೇ ಬಿದ್ದರು. ಆಕೆಯ ಗಂಡ ಇವರು ಕುಡಿದಿದ್ದಾರೆ ಎಂದುಕೊಂಡು ಹೆಗಲು ಹಿಡಿದು ಎಬ್ಬಿಸಿ ಏನೋ ಅಂದ. ಇವರು ಕ್ಷಮೆ ಕೇಳಿದರೇ ಹೊರತು ಕಣ್ಣಿನ ಮಾತು ಎತ್ತಲಿಲ್ಲ. ಕುಡುಕ ಎನಿಸಿಕೊಳ್ಳುವುದು ಕುರುಡ ಎನಿಸಿಕೊಳ್ಳುವುದಕ್ಕಿಂತ ಅವರಿಗೆ ಹಗುರವಾಗಿ ಕಂಡಿರಬೇಕು. ನಾನು ದೂರದಲ್ಲಿ ಶಾಲು ಹೊದ್ದು ಕೂತಿದ್ದವಳು ಓಡಿ ಬಂದೆ.

ಆಗ ಪಕ್ಕದ ಕುರ್ಚಿಯಿಂದ, “ಅಂವಗ ಕಣ್ಣು ಕಾಣಂಗಿಲ್ಲ, ಬಿಡು ಅಂವನ್ನ,” ಎಂದು ಕನ್ನಡ ಕೇಳಿಸಿತು. ತಿರುಗಿ ನೋಡಿದರೆ ಬಿಳಿ ಕೂದಲಿನ ಇಂಗ್ಲಿಷ್ ಮುದುಕಿ. ಸಿಟ್ಟಿನಲ್ಲಿ ತಾನು ಯಾರಿಗೆ ಯಾವ ಭಾಷೆಯಲ್ಲಿ ಹೇಳಿದೆ ಎಂಬುದು ಆಕೆಗೇ ತಿಳಿದಿರಲಿಲ್ಲ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಸಂಜೆ ಹೊತ್ತು ಇವರು ಮೆಟ್ಟಿಲು ತಡವುವುದನ್ನು ದಿನವೂ ನೋಡಿದ್ದಳಂತೆ. ಅವರು ಮಿಸೆಸ್ ಹಾರ್ಲಿ. ಧಾರವಾಡದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿ, ಗಂಡನನ್ನು ಅಲ್ಲೇ ಮಣ್ಣಿಗಿಟ್ಟು, ಈಗ ತಮ್ಮನ ಮನೆಗೆ ಹೊರಟಿದ್ದವರು. ಕನ್ನಡ ಕಲಿತದ್ದು ಅಡುಗೆಯವಳಿಂದ, ಮಾಲಿಯಿಂದ. ಹಾಗಾಗಿ ಅವರ ಕನ್ನಡದಲ್ಲಿ ಬಹುವಚನ ಎಂಬುದೇ ಇರಲಿಲ್ಲ. ಇವರನ್ನು “ನೀ ಉಂಡಿ ಏನು?” ಎಂದೇ ಮಾತಾಡಿಸುತ್ತಿದ್ದರು. ಇವರನ್ನು ಹಾಗೆ ಏಕವಚನದಲ್ಲಿ ಕೂಗುವವರು ಲೋಕದಲ್ಲಿ ಅತ್ತೆ ಒಬ್ಬರೇ. ಇವರಿಗೆ ಅದು ಬಹಳ ಹಿತವಾಗಿತ್ತು.

ಇವರು ಪೆಟ್ಟಿಗೆಯಿಂದ ಪಟಗಳನ್ನು ತೆಗೆದು ಅವರಿಗೆ ತೋರಿಸಿದರು. ಅವರು ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ನನ್ನ ತಮ್ಮ ಲಂಡನ್ನಿನ ಒಂದು ದೊಡ್ಡ ಪುಸ್ತಕ ಭಂಡಾರದಲ್ಲಿ ಕೆಲಸಕ್ಕಿದ್ದಾನೆ, ಅಲ್ಲಿ ಹಕ್ಕಿಗಳ ಹಳೆಯ ಚಿತ್ರಗಳು ಬೇಕಾದಷ್ಟಿವೆ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದರು. ದಾರಿಯಲ್ಲಿ ಈಜಿಪ್ಟಿನಲ್ಲೂ ಇಳಿಯಬೇಕು, ಅಲ್ಲಿ ಈ ಹಕ್ಕಿಯನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ ಎಂದದ್ದೂ ಅವರೇ.

ಕೈರೊ

ಹಡಗು ಈಜಿಪ್ಟಿನ ದೊಡ್ಡ ಕಾಲುವೆ ದಾಟುವಷ್ಟರಲ್ಲಿ ಪ್ರಯಾಣಿಕರು ಕಾರಿನಲ್ಲಿ ಕೈರೊಗೆ ಹೋಗಿ, ಆ ಕಡೆಯ ಬಂದರಿನಲ್ಲಿ ಮತ್ತೆ ಹಡಗು ಹತ್ತಬಹುದಿತ್ತು. ಮರಳುಗಾಡಿನ ನಡುವೆ ಒಂದು ಕಾರು ಕೆಟ್ಟು ನಿಂತು, ನಾವೆಲ್ಲ ಇನ್ನೊಂದರಲ್ಲಿ ಮಂಡಿ ಮಡಚಿಕೊಂಡು ಕೂತು ಹೋದೆವು. ಪೇಟೆಯ ಅಂಗಡಿ ಬೀದಿ ನನಗೆ ಹೊಸದೆನಿಸಲಿಲ್ಲ. ಹರಿಹರದ ಸಂತೆಯ ಹಾಗೆಯೇ ಕೂಗು, ಧೂಳು, ಗಿರಾಕಿಯ ಕೈ ಹಿಡಿದು ಜಗ್ಗುವುದು. ಒಬ್ಬ ಅಜ್ಜ ಗೋಣಿಚೀಲದ ಮೇಲೆ ಕೂತು ಹುರಿದ ಕಡಲೆ ಮಾರುತ್ತಿದ್ದ. ಅವನ ಕೈಯಿಂದ ಕೊಂಡ ಕಡಲೆ ಬಾಯಿಗೆ ಹಾಕಿಕೊಂಡಾಗ ಮಕ್ಕಳ ನೆನಪಾಗಿ ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡೆ.

ಮ್ಯೂಸಿಯಮ್ಮಿನ ಒಳಗೆ ಬೆಳಕು ಕಡಿಮೆ. ಮೇಲಿನ ಕಿಟಕಿಯಿಂದ ಧೂಳು ತುಂಬಿದ ಬಿಸಿಲು ಅಲ್ಲಲ್ಲಿ ಬಿದ್ದಿತ್ತು ಅಷ್ಟೆ. ಇವರಿಗೆ ಏನೂ ಕಾಣಲಿಲ್ಲ. ಅಷ್ಟು ದೂರದಿಂದ ಅದಕ್ಕೆಂದೇ ಬಂದು ಗೋಡೆಯ ಮುಂದೆ ಸುಮ್ಮನೆ ನಿಂತರು. ನಾನು ನೋಡಿ ಹೇಳಬೇಕಾಯಿತು. ನನಗೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಒಂದು ದೊಡ್ಡ ಹಕ್ಕಿ ಇದೆ, ರೆಕ್ಕೆ ಚಾಚಿದೆ ಎಂದೆ. ಎಷ್ಟು ಚಾಚಿದೆ, ಗರಿಗಳ ತುದಿ ಬಿಡಿಬಿಡಿಯಾಗಿದೆಯೋ ಕೂಡಿಕೊಂಡಿದೆಯೋ, ಕತ್ತು ಯಾವ ಕಡೆ ಎಂದು ಇವರು ಒಂದೊಂದಾಗಿ ಕೇಳಿದರು. ಉತ್ತರ ಕೊಡಬೇಕಾದರೆ ನಾನು ನೋಡಲೇಬೇಕಾಯಿತು. ಮದುವೆಯಾಗಿ ಅಷ್ಟು ವರ್ಷದಲ್ಲಿ ಆ ಹಕ್ಕಿಯನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು.

ನಮ್ಮ ಜೊತೆಯಿದ್ದ ಮಾರ್ಗದರ್ಶಿ ಹೇಳಿದ ಮಾತನ್ನು ಮಿಸೆಸ್ ಹಾರ್ಲಿ ನನಗೆ ತಿಳಿಸಿದರು. ಆ ಕಾಲದ ರಾಣಿಯರು ಈ ಹಕ್ಕಿಯ ಆಕಾರದ ಕಿರೀಟ ಇಟ್ಟುಕೊಳ್ಳುತ್ತಿದ್ದರಂತೆ. ಅವರ ಬರವಣಿಗೆಯಲ್ಲಿ ತಾಯಿ ಎಂದು ಬರೆಯಬೇಕಾದರೆ ರಣಹದ್ದಿನ ಚಿತ್ರ ಬರೆಯುತ್ತಿದ್ದರಂತೆ. ನಮ್ಮ ಮನೆಯಲ್ಲಿ ಗೋಡೆಗೆ ಮುಖ ಮಾಡಿಸಿಕೊಂಡ ಹಕ್ಕಿಯನ್ನು ಇಲ್ಲಿ ರಾಣಿ ತಲೆಯ ಮೇಲೆ ಹೊತ್ತಿದ್ದಳು.

ಇವರು ಕೈ ಚಾಚಿ ಕಲ್ಲನ್ನು ಮುಟ್ಟಲು ಹೋದಾಗ ಕಾವಲಿನವನು ಗದರಿಸುತ್ತ ಬಂದ. ದಪ್ಪ ಮೀಸೆಯ ವಯಸ್ಸಾದ ಮನುಷ್ಯ. ಹತ್ತಿರ ಬಂದು ಇವರ ಮುಖ ನೋಡಿದವನು ಮಾತು ನಿಲ್ಲಿಸಿದ. ಅತ್ತಿತ್ತ ನೋಡಿ, ಇವರ ಕೈಯನ್ನು ತಾನೇ ಹಿಡಿದು ಕಲ್ಲಿನ ರೆಕ್ಕೆಯ ಮೇಲಿಟ್ಟ. ಬುಡದಿಂದ ತುದಿಯವರೆಗೆ ಮೆಲ್ಲಗೆ ಸಾಗಿಸಿದ. ಯಾರೋ ಬರುವ ಸಪ್ಪಳವಾದಾಗ ಕೈ ಬಿಟ್ಟು ಏನೂ ಆಗಿಲ್ಲವೆಂಬಂತೆ ದೂರ ಹೋಗಿ ನಿಂತ. ಇವರು ಕಾರಿನಲ್ಲಿ ಕೂತ ಮೇಲೂ ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದರು.

ಲಂಡನ್, ಆಸ್ಪತ್ರೆ

ಲಂಡನ್ನಿನ ಚಳಿಯ ಬಗ್ಗೆ ನಾನು ಬರೆಯುವುದಿಲ್ಲ. ನನಗೆ ನೆನಪಿರುವುದು ಅಲ್ಲಿನ ರಸ್ತೆಯಲ್ಲಿ ನಡೆದದ್ದು. ನಮ್ಮ ಊರಲ್ಲಿ ಗಂಡ ಮುಂದೆ, ಹೆಂಡತಿ ನಾಲ್ಕು ಹೆಜ್ಜೆ ಹಿಂದೆ. ಇವರ ಕಣ್ಣು ಕೆಟ್ಟ ಮೇಲೂ ಹಾಗೇ ನಡೆಯುತ್ತಿದ್ದೆವು. ಇವರು ಎಡವಿದರೆ ಹಿಂದಿನಿಂದ ಕೆಮ್ಮುವುದೋ ಬಳೆ ಸಪ್ಪಳ ಮಾಡುವುದೋ ಅಷ್ಟೇ ನನ್ನಿಂದ ಆಗುತ್ತಿದ್ದದ್ದು. ಲಂಡನ್ನಿನಲ್ಲಿ ಮುದುಕ ಮುದುಕಿಯರು, ಹೊಸ ಜೋಡಿಗಳು, ಎಲ್ಲರೂ ತೋಳಿಗೆ ತೋಳು ಸೇರಿಸಿಕೊಂಡೇ ನಡೆಯುತ್ತಾರೆ. ನಾನು ಇವರ ತೋಳು ಹಿಡಿದು ರಸ್ತೆ ದಾಟಿಸಿದರೆ ಯಾರೂ ತಿರುಗಿ ನೋಡಲಿಲ್ಲ. ಕಣ್ಣಿಲ್ಲದವರನ್ನು ನಡೆಸುತ್ತಿದ್ದೇನೆ ಎಂದು ಯಾರಿಗೂ ಅನ್ನಿಸಲಿಲ್ಲ. ಮೊದಲ ದಿನ ನಾಚಿಕೆಯಿಂದ ಸೆರಗು ಎಳೆದುಕೊಂಡೆ. ಆಮೇಲೆ ಅದೇ ರೂಢಿಯಾಯಿತು. ಆ ಕೆಲವು ದಿನ ನಾವಿಬ್ಬರೂ ಅಷ್ಟು ಹತ್ತಿರ ನಡೆದಿದ್ದೆವಲ್ಲ ಎಂದು ಈಗಲೂ ನೆನಸಿಕೊಳ್ಳುತ್ತೇನೆ.

ಆಸ್ಪತ್ರೆಯಲ್ಲಿ ಕಣ್ಣಿಗೆ ಹನಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬೆಳಕು ಬಿಟ್ಟು, ಹಲವು ಬಾರಿ ನೋಡಿದರು. ಕೊನೆಯ ದಿನ ಡಾಕ್ಟರು ತಮ್ಮ ಮೇಜು ಬಿಟ್ಟು ಎದ್ದು ಬಂದು ಇವರ ಪಕ್ಕದ ಕುರ್ಚಿಯಲ್ಲಿ ಕೂತರು. ತಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಇಂಗ್ಲಿಷು ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಅವರು ಎದ್ದು ಬಂದು ಕೂತಾಗಲೇ ನನಗೆ ತಿಳಿಯಿತು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಇವರು ಒಂದು ಪ್ರಶ್ನೆ ಕೇಳಿದರು, ಡಾಕ್ಟರು ತಲೆಯಾಡಿಸಿ ಇನ್ನೊಂದು ಪ್ರಶ್ನೆ ಕೇಳಿದರು. ಇವರು ಉತ್ತರ ಕೊಡಲು ತಡಮಾಡಿದರು.

ಹೊರಗೆ ಉದ್ದನೆಯ ಮೊಗಸಾಲೆಯಲ್ಲಿ ಒಂದು ಬೆಂಚಿನ ಮೇಲೆ ಕೂತೆವು.

“ಔಷಧಿ ಇಲ್ಲಂತೆ ಗಿರಿಜಾ,” ಎಂದರು.

“ಇಲ್ಲಿ ಇಲ್ಲದಿದ್ರೆ ಇನ್ನೆಲ್ಲಿ ಐತಂತೆ?”

“ಎಲ್ಲೂ ಇಲ್ಲಂತೆ. ನಡುವಿನ ದೃಷ್ಟಿ ಇನ್ನೊಂದಿಷ್ಟು ದಿನ ಇರ್ತೈತೆ. ಆಮೇಲೆ ಅದೂ ಮುಚ್ಕೊಂತೈತೆ.”

ನಾನು ಅಳಲಿಲ್ಲ. ಎದುರಿನ ಗೋಡೆಯ ಮೇಲೆ ಕೋಟುಗಳನ್ನು ತೂಗುಹಾಕಿದ್ದರು, ಅವನ್ನೇ ನೋಡುತ್ತಿದ್ದೆ. ಏನಾದರೂ ಮಾತಾಡಬೇಕೆಂದು, ಎಷ್ಟೋ ದಿನದಿಂದ ಒಳಗಿದ್ದದ್ದು ಬಾಯಿಗೆ ಬಂತು. ಅತ್ತೆ ಹಕ್ಕಿಯ ಬಗ್ಗೆ ಹೇಳುತ್ತಾರಲ್ಲ, ಅದನ್ನೂ ಕೇಳಬೇಕಿತ್ತು ಎಂದೆ.

“ಕೇಳಿದೆ,” ಎಂದರು.

ನನಗೆ ಆಶ್ಚರ್ಯವಾಯಿತು. ಅತ್ತೆಯ ಮಾತನ್ನು ನಕ್ಕು ತಳ್ಳಿಹಾಕುತ್ತಿದ್ದವರು ಅದನ್ನು ಸಮುದ್ರ ದಾಟಿ ಹೊತ್ತು ತಂದಿದ್ದರು. ಬಿಸಿಲಲ್ಲಿ ಕೂತು ಗಾಜಿನೊಳಗಿಂದ ವರ್ಷಗಟ್ಟಲೆ ಹಕ್ಕಿ ನೋಡಿದ್ದರಿಂದ ಹೀಗಾಗಿರಬಹುದೇ ಎಂದು ಕೇಳಿದರಂತೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದ ಡಾಕ್ಟರು, ತಾಯಿಯ ಕಡೆ ಯಾರಿಗಾದರೂ ಹೀಗೆ ಇತ್ತೇ ಎಂದು ಕೇಳಿದರಂತೆ. ಆಗ ಇವರಿಗೆ ತಾಯಿಯ ತಂದೆಯ ನೆನಪಾಯಿತು. ಆ ಅಜ್ಜ ಕೊನೆಗಾಲದಲ್ಲಿ ಕುರುಡಾಗಿದ್ದರು. ವಯಸ್ಸಾಗಿ ಹಾಗಾಯಿತೆಂದು ಎಲ್ಲರೂ ತಿಳಿದಿದ್ದರು. ಆದರೆ ನಡುವಯಸ್ಸಿನಲ್ಲೇ ಅವರು ಸಂಜೆ ಹೊಲದಿಂದ ಬರುವಾಗ ಎತ್ತಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ಬರುತ್ತಿದ್ದರೆಂದು ಅತ್ತೆಯೇ ಎಂದೋ ಹೇಳಿದ್ದರು. ಈ ರೋಗ ಹೀಗೆ ಮಗಳಿಗೆ ಏನೂ ಮಾಡದೆ, ಮಗಳ ಮುಖಾಂತರ ಅವಳ ಮಗನಿಗೆ ಬರುತ್ತದಂತೆ. ನಮ್ಮ ಗಂಡುಮಕ್ಕಳಿಗೆ ಬರುವುದಿಲ್ಲವಂತೆ. ಆ ಒಂದು ಮಾತಿಗೆ ನಾನು ಕೈ ಮುಗಿದೆ.

“ಅವ್ವಗೆ ಇದು ಗೊತ್ತಾಗಬಾರದು,” ಎಂದರು ಇವರು. “ತನ್ನಿಂದ ಬಂತು ಅಂತ ತಿಳಿದ್ರೆ ಒಂದಿನ ನೆಮ್ಮದಿಯಾಗಿ ಉಣ್ಣಂಗಿಲ್ಲ ಆಕಿ. ತಪ್ಪು ಹಕ್ಕಿ ಮೇಲೇ ಇರ್ಲಿ.”

ನಾನು ಆಗಲಿ ಎಂದೆ.

ಲಂಡನ್, ಪುಸ್ತಕ ಭಂಡಾರ

ಮಿಸೆಸ್ ಹಾರ್ಲಿ ಮಾತು ಉಳಿಸಿಕೊಂಡರು. ಡಾಕ್ಟರು ಹೇಳಿದ್ದನ್ನು ಕೇಳಿ ಅವರು ಇವರ ಬೆನ್ನ ಮೇಲೆ ಕೈಯಾಡಿಸಿ, “ಹಂಗಾರ ನಾಳೆನ ಹೋಗೂಣು, ನಡಿ,” ಎಂದರು. ಅವರ ತಮ್ಮ ಇವರಿಗಾಗಿ ಕಿಟಕಿಯ ಪಕ್ಕದ ಮೇಜನ್ನೇ ಹಿಡಿದಿಟ್ಟಿದ್ದ. ದೀಪವನ್ನೂ ತರಿಸಿಕೊಟ್ಟ. ತೊಟ್ಟಿಲಷ್ಟು ದೊಡ್ಡ ಪುಸ್ತಕಗಳನ್ನು ಇಬ್ಬರು ಹೊತ್ತು ತಂದು ಮೆತ್ತೆಯ ಮೇಲೆ ಇಟ್ಟರು.

ಇವರಿಗೆ ಆಗ ಒಂದು ಸಲಕ್ಕೆ ಕಾಣುತ್ತಿದ್ದದ್ದು ರೂಪಾಯಿಯಗಲದಷ್ಟು. ಪುಟದ ಮೇಲೆ ಬಾಗಿ, ಮೂಲೆಯಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಮುಖ ಸರಿಸುತ್ತ ಹಕ್ಕಿಯನ್ನು ಜೋಡಿಸಿಕೊಳ್ಳುತ್ತಿದ್ದರು. ದಾರಿ ತಪ್ಪಿದರೆ ನಾನು ಗಲ್ಲ ಹಿಡಿದು ತಿರುಗಿಸುತ್ತಿದ್ದೆ. ಸುತ್ತ ಓದುತ್ತ ಕೂತವರು ತಲೆಯೆತ್ತಿ ನೋಡಲಿಲ್ಲ. ಆ ದೇಶದ ಜನರಿಗೆ ಬೇರೆಯವರನ್ನು ನೋಡದೇ ಇರುವ ಒಂದು ಮರ್ಯಾದೆಯಿದೆ. ಊರಲ್ಲಾದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿ ಏನಾಗೈತೆ ಎಂದು ಕೇಳಿರುತ್ತಿದ್ದರು. ಅಂದು ನನಗೆ ಆ ಹತ್ತು ಜನವೂ ಬೇಕೆನಿಸಿತ್ತು.

ತೀರ ಹಳೆಯ ಪುಸ್ತಕಗಳಲ್ಲಿದ್ದದ್ದು ಅಚ್ಚಿನ ಗೆರೆಚಿತ್ರಗಳು. ಯುದ್ಧಭೂಮಿ, ಮುರಿದ ಬಂಡಿ, ಬಿದ್ದ ಕುದುರೆ, ಅದರ ಮೇಲೆ ರಣಹದ್ದು. ಅದಕ್ಕೆ ಗಿಳಿಯ ಕೊಕ್ಕು, ಮನುಷ್ಯನ ಹುಬ್ಬು, ಕಳ್ಳನ ನೋಟ. ನಾನು ಅದನ್ನು ಹೇಳಿದಾಗ ಇವರಿಗೆ ನಗು ಬಂತು. ಬರೆದವನು ಹಕ್ಕಿಯನ್ನು ನೋಡಿಲ್ಲ, ಹೆದರಿಕೆಯನ್ನು ಬರೆದಿದ್ದಾನೆ ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಇವರು ನಕ್ಕದ್ದು ಅದೇ ಮೊದಲು.

ಆಮೇಲೆ ಒಂದು ಬಣ್ಣದ ಚಿತ್ರ ಬಂತು. ಕಂಪನಿ ಸರಕಾರದ ಕಾಲದಲ್ಲಿ ನಮ್ಮ ದೇಶದಲ್ಲೇ ಬರೆಸಿದ್ದು. ಕೆಂಪು ತಲೆಯ ರಣಹದ್ದು, ಖಾಲಿ ಬಿಳಿ ಹಾಳೆಯ ಮೇಲೆ ಒಂದೇ ನಿಂತಿದೆ. ಹೆಣವಿಲ್ಲ, ಮರವಿಲ್ಲ. ಕತ್ತಿನ ಪಕ್ಕ ಜೋತಾಡುವ ಕೆಂಪು ತೊಗಲಿನ ಮಡಿಕೆ, ಎದೆಯ ಮೇಲಿನ ಬಿಳಿ ತುಪ್ಪಳ, ಒಂದೊಂದು ಗರಿಯ ನಡುವಿನ ಕಡ್ಡಿ ಕೂಡ ಕೂದಲೆಳೆಯ ಕುಂಚದಲ್ಲಿ. ಇವರು ಆ ಪುಟದ ಮೇಲೆ ಬಾಗಿದವರು ಬಹಳ ಹೊತ್ತು ಏಳಲಿಲ್ಲ. ಅವರ ಉಸಿರು ಹಾಳೆಗೆ ತಾಗೀತೆಂದು ನಾನು ಮಧ್ಯೆ ನನ್ನ ಅಂಗೈ ಹಿಡಿದಿದ್ದೆ.

“ಇದನ್ನ ಬರೆದವ ಇದರ ಮುಂದೆ ಕೂತಿದ್ದ ಗಿರಿಜಾ,” ಎಂದರು. “ಕಾಲು ನೋಡು. ಭಾರ ಎಲ್ಲಾ ಎಡಗಾಲ ಮೇಲೆ ಬಿಟ್ಟೈತೆ. ದಣಿದಾಗ ಹಂಗೇ ನಿಂತ್ಕೊಂತೈತೆ ಅದು. ಯಾರು ಬರೆದಿದ್ದು ಅಂತ ಐತೆ?”

ಕೆಳಗೆ ಬರೆದಿದ್ದನ್ನು ಮಿಸೆಸ್ ಹಾರ್ಲಿ ಓದಿದರು. ಬರೆಸಿದ ದೊರೆಯ ಹೆಸರಿತ್ತು, ಅವನ ಹುದ್ದೆಯಿತ್ತು. ಬರೆದವನು ದೇಶೀ ಚಿತ್ರಗಾರ ಎಂದಷ್ಟೇ ಇತ್ತು. ಇವರು ಪುಟದ ಅಂಚನ್ನು ಬೆರಳಿನಿಂದ ಸವರಿ ಮುಂದಿನದಕ್ಕೆ ಹೋದರು.

ಕೊನೆಗೆ ಈಗಿನವರು ಆಫ್ರಿಕದಲ್ಲಿ ತೆಗೆದ ಫೋಟೋಗಳ ಪುಸ್ತಕ. ಮೋಟಾರಿನಲ್ಲಿ ಕೂತೇ ತೆಗೆದವು. ನೂರಾರು ಹಕ್ಕಿಗಳು ಒಂದರ ಮೇಲೊಂದು ಬಿದ್ದು ಕಿತ್ತಾಡುತ್ತಿದ್ದವು. ಇವರು ಚೆನ್ನಾಗಿವೆ ಎಂದು ಮನಸಾರೆ ಹೇಳಿದರು. ಮಿಸೆಸ್ ಹಾರ್ಲಿಯ ತಮ್ಮ ಇವರ ಪಟಗಳನ್ನು ನೋಡಲು ಕೇಳಿದ. ಅವುಗಳಲ್ಲಿ ಒಂದು, ಮಳೆ ನಿಂತ ಮೇಲೆ ಬಯಲಿನಲ್ಲಿ ಗಂಡು ಹೆಣ್ಣು ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸುತ್ತ ನಿಂತದ್ದು. ಅದನ್ನು ಇಲ್ಲಿ ಇಟ್ಟುಕೊಳ್ಳಬಹುದೇ ಎಂದ. ಇವರು ಒಪ್ಪಿದರು. ಹಿಂದುಗಡೆ ಏನಾದರೂ ಬರೆದುಕೊಡಿ ಎಂದು ಪೆನ್ನು ಕೊಟ್ಟ. ನಾನು ಹಿಡಿದು ತೋರಿಸಿದ ಜಾಗದಲ್ಲಿ ಇವರು ಸೊಟ್ಟ ಸೊಟ್ಟ ಅಕ್ಷರಗಳಲ್ಲಿ ಕಡರನಾಯಕನಹಳ್ಳಿ, ಹರಿಹರ ತಾಲ್ಲೂಕು ಎಂದು ಕನ್ನಡದಲ್ಲಿ ಬರೆದು ನಿಲ್ಲಿಸಿದರು. ಹೆಸರು ಬರೆಯಿರಿ ಎಂದೆ. ಊರು ಸಾಕು ಎಂದರು.

ಬೀಳ್ಕೊಡುವಾಗ ಮಿಸೆಸ್ ಹಾರ್ಲಿ ರೈಲು ನಿಲ್ದಾಣದ ಗದ್ದಲದಲ್ಲಿ ನನ್ನನ್ನು ತಬ್ಬಿಕೊಂಡು, “ನೀ ಅಂವಗ ಕಣ್ಣಾಗು,” ಎಂದರು. ಅವರು ಎಂದಿನಂತೆ ಏಕವಚನದಲ್ಲಿ ಹೇಳಿದ್ದು ನನಗೆ ತವರಿನವರು ಹೇಳಿದಂತೆ ಕೇಳಿಸಿತು.

ಹರಿಹರ

ಊರಿಗೆ ಬಂದಾಗ ಅತ್ತೆ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಗ ತಟ್ಟೆಯ ದೀಪವನ್ನು ನೋಡದೆ ಬೇರೆ ಕಡೆ ನೋಡುತ್ತಿರುವುದು ಅವರಿಗೆ ತಿಳಿಯಿತು. ಆರತಿ ಮುಗಿಸಿ, ಏನೂ ಕೇಳದೆ ಒಳಗೆ ಹೋದರು. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಇವರಿಗೆ ಉಳಿದಿದ್ದ ಆ ಸಣ್ಣ ಬೆಳಕೂ ಹೋಯಿತು. ಒಂದು ಬೆಳಿಗ್ಗೆ ಕಿಟಕಿ ತೆರೆದಿದೆಯೇ ಎಂದು ಕೇಳಿದರು. ತೆರೆದಿತ್ತು.

ಅತ್ತೆ ಯಾವುದೋ ಶಾಸ್ತ್ರ ಹೇಳುವವರನ್ನು ಕಂಡು ಬಂದರು. ಆ ಹಕ್ಕಿಯ ನೆರಳು ಗಾಜಿನಲ್ಲಿ ಹಿಡಿದಿಟ್ಟಿದ್ದೀರಿ, ಅದು ಮನೆಯಲ್ಲಿರುವವರೆಗೆ ಕಣ್ಣು ಬಾರದು, ಎಲ್ಲವನ್ನೂ ಹರಿಯುವ ನೀರಿಗೆ ಬಿಡಿ ಎಂದರಂತೆ. ಅಂದಿನಿಂದ ಅತ್ತೆ ಊಟ ಬಿಟ್ಟರು. ಬರೀ ಹಾಲು, ಅದೂ ನಾನು ಕಾಡಿದರೆ. ಹಿತ್ತಿಲ ಕೋಣೆಯಲ್ಲಿ ಇವರ ಗಾಜಿನ ಪ್ಲೇಟುಗಳು ಮರದ ಪೆಟ್ಟಿಗೆಗಳಲ್ಲಿದ್ದವು. ಅಷ್ಟು ವರ್ಷದ ರಜೆಯ ದಿನಗಳೆಲ್ಲ ಆ ಪೆಟ್ಟಿಗೆಗಳಲ್ಲಿದ್ದವು.

ನಾನು ಇವರೊಡನೆ ಜಗಳವಾಡಿದೆ. ನಿಜ ಹೇಳಿಬಿಡೋಣ, ಇಷ್ಟು ದೊಡ್ಡ ಸುಳ್ಳಿಗೆ ಇಷ್ಟನ್ನು ಕೊಡುವುದು ಬೇಡ ಎಂದೆ.

“ನನಗಂತೂ ಇನ್ನು ಕಾಣಂಗಿಲ್ಲ,” ಎಂದರು. “ಅವ್ವ ಉಣ್ಣಲಿ.”

ಬಾಡಿಗೆ ಕಾರಿನಲ್ಲಿ ಪೆಟ್ಟಿಗೆಗಳನ್ನು ಹೇರಿಕೊಂಡು ಹರಿಹರಕ್ಕೆ ಹೋದೆವು. ಘಟ್ಟದಲ್ಲಿ ಬಿಟ್ಟರೆ ಸ್ನಾನ ಮಾಡುವವರ ಕಾಲಿಗೆ ಗಾಜು ಚುಚ್ಚೀತು ಎಂದು ಇವರು ಅಂಬಿಗನನ್ನು ಕರೆಸಿದರು. ಅತ್ತೆ ಮೆಟ್ಟಿಲ ಮೇಲೆ ಉಳಿದರು. ನಾವಿಬ್ಬರೂ ಹರಿಗೋಲಿನಲ್ಲಿ ನಡುಹೊಳೆಗೆ ಹೋದೆವು. ನೀರು ತಿಳಿಯಾಗಿ, ಆಳವಾಗಿ, ಮೆಲ್ಲಗೆ ಹರಿಯುತ್ತಿತ್ತು.

ಒಟ್ಟಿಗೆ ಸುರಿದುಬಿಡಲು ನನಗೆ ಮನಸ್ಸಾಗಲಿಲ್ಲ. ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದೆ. ಗಾಜಿನಲ್ಲಿ ಎಲ್ಲ ತಿರುಗುಮುರುಗು. ಆಕಾಶ ಕಪ್ಪಗೆ, ಹಕ್ಕಿ ಬೆಳ್ಳಗೆ. ಹಾಲಿನಂಥ ಬಿಳಿಯ ರಣಹದ್ದುಗಳು ಕಪ್ಪು ಬಯಲಿನಲ್ಲಿ ಇಳಿಯುತ್ತಿದ್ದವು. ನಾನು ಕಂಡದ್ದನ್ನು ಹೇಳುತ್ತ ಹೋದೆ. ಒಂದು ಇಳಿಯುತ್ತಿದೆ, ಕಾಲು ಮುಂದೆ ಚಾಚಿದೆ. ಎರಡು ಎದುರೆದುರು ನಿಂತಿವೆ. ಇದರಲ್ಲಿ ದೂರದಲ್ಲಿ ಹೊಳೆ ಕಾಣುತ್ತದೆ. ಪ್ರತಿಯೊಂದಕ್ಕೂ ಇವರು ಅದು ಯಾವ ಬೇಸಿಗೆ, ಯಾವ ಮರದ ಕೆಳಗೆ, ಅಂದು ಗಾಳಿ ಯಾವ ಕಡೆಗಿತ್ತು ಎಂದು ಹೇಳಿ, ಕೈ ಚಾಚಿ ಗಾಜನ್ನು ತೆಗೆದುಕೊಂಡು, ಅಂಚಿನ ಮೇಲೆ ನೀರಿಗೆ ಜಾರಿಸುತ್ತಿದ್ದರು. ಅದು ಸ್ವಲ್ಪ ದೂರ ಹೊಳೆಯುತ್ತ ಹೋಗಿ ಕಾಣದಾಗುತ್ತಿತ್ತು. ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಪೆಟ್ಟಿಗೆಗಳು ಖಾಲಿಯಾಗುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು.

ದಡಕ್ಕೆ ಬಂದ ಮೇಲೆ ಇವರು ಅಂಬಿಗನ ಹೆಗಲು ಹಿಡಿದು ಕಾಲು ತೊಳೆಯುತ್ತ ನಿಂತರು. ನಾನು ಅತ್ತೆಯ ಹತ್ತಿರ ಹೋದೆ. ಎಲ್ಲ ಆಯಿತೇ ಎಂದು ಕೇಳಿದರು. ಆಯಿತು ಎಂದೆ. ಅವರು ಹೊಳೆಯನ್ನೇ ನೋಡುತ್ತಿದ್ದರು.

“ನಮ್ಮಪ್ಪನೂ ಹಿಂಗೇ ಆಗಿದ್ದ,” ಎಂದರು. “ಅವನೇನು ಹದ್ದು ನೋಡಿದ್ನೇ?”

ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಅವರು ನನ್ನತ್ತ ತಿರುಗಲಿಲ್ಲ. ದನಿ ಮೆಲ್ಲಗಿತ್ತು.

“ಇವ ಮೊದಲ ಸಲ ಹೊಸ್ತಿಲು ಎಡವಿದ ದಿನವೇ ನನಗೆ ತಿಳೀತು. ಹಕ್ಕಿಯಿಂದ ಬಂದಿದ್ರೆ ಹೊಳೆಗೆ ಬಿಡಬೌದು. ನನ್ನಿಂದ ಬಂದಿದ್ದನ್ನ ಎಲ್ಲಿ ಬಿಡ್ಲವ್ವ? ನಾ ತಿಳಿದಿದ್ದು ಸುಳ್ಳಾಗಿ, ಹಕ್ಕಿಯಿಂದಲೇ ಆಗಿರ್ಲಿ ಅಂತ ಇಷ್ಟು ಮಾಡಿಸ್ದೆ.” ಸೆರಗಿನಿಂದ ಮುಖ ಒರೆಸಿಕೊಂಡರು. “ಅವನ ಕಿವಿಗೆ ಹಾಕಬ್ಯಾಡ. ಹೆತ್ತವಳ ಮೇಲೆ ಮುನಿಸಾದ್ರೆ ನಾ ತಡಕೊಳ್ಳಂಗಿಲ್ಲ.”

ಅಷ್ಟರಲ್ಲಿ ಇವರು ನನ್ನ ಹೆಸರು ಹಿಡಿದು ಕರೆದರು. ನಾನು ಹೋಗಿ ಇವರ ತೋಳು ಹಿಡಿದುಕೊಂಡೆ. ಇನ್ನೊಂದು ಕೈಯನ್ನು ಅತ್ತೆಗೆ ಕೊಟ್ಟು ಎಬ್ಬಿಸಿದೆ. ಇಬ್ಬರನ್ನೂ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಇವರು ಅವ್ವ ಏನಂದಳು ಎಂದು ಮೆಲ್ಲಗೆ ಕೇಳಿದರು. ಬಿಸಿಲು ಜಾಸ್ತಿಯಾಯಿತು, ಮನೆಗೆ ಹೋಗಿ ಉಣ್ಣೋಣ ಎಂದರು ಅಂತ ಹೇಳಿದೆ. ಇವರ ಮುಖದಲ್ಲಿ ಸಮಾಧಾನ ಕಂಡಿತು.

ಅತ್ತೆ ಅಂದು ಉಂಡರು. ಆಮೇಲೆ ಬಹಳ ವರ್ಷ ಬದುಕಿದರು. ಮಗ ತಾಯಿಗೆ ಹೇಳಲಿಲ್ಲ, ತಾಯಿ ಮಗನಿಗೆ ಹೇಳಲಿಲ್ಲ. ಇಬ್ಬರ ತಟ್ಟೆಗೂ ಬಡಿಸುತ್ತ ನಾನು ನಡುವೆ ಇದ್ದೆ.

ಒಳಗೆ ಕೂತು ಇಷ್ಟು ದಿನದಿಂದ ಏನು ಬರೆಯುತ್ತಿದ್ದೀಯ ಎಂದು ಇವರು ನಿನ್ನೆ ಕೇಳಿದರು. ನಮ್ಮ ಲಂಡನ್ ಪ್ರವಾಸ ಎಂದೆ. ಮುಗಿದ ಮೇಲೆ ಓದಿ ಹೇಳು ಎಂದಿದ್ದಾರೆ. ಮುಗಿದಿದೆ. ಇವರು ಹೊರಗೆ ಜಗಲಿಯ ಮೇಲೆ ಕೂತಿದ್ದಾರೆ, ನಾನು ಹರಿಹರದ ಹಾಳೆಗಳನ್ನೂ ಸೇರಿಸಿ ಜೋಡಿಸಿಕೊಂಡು ಹೊರಗೆ ಹೋಗುತ್ತಿದ್ದೇನೆ.